ಜೀವಕೋಶ ಎಷ್ಟು ಸಲ ಸಾಕು ಅನ್ನುತ್ತದೆ?

ನನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನು ಇನ್ನೊಬ್ಬರಿಗೆ ಹೇಳಲು ಹೋದಾಗಲೆಲ್ಲ ಒಂದೇ ಆಗುತ್ತದೆ. ಅವರಿಗೆ ತಿಳಿಯುವುದಿಲ್ಲ, ನನಗೆ ತಿಳಿದಿದ್ದದ್ದೂ ಕಲಸಿಹೋಗುತ್ತದೆ. ಈಗಲೂ ಆಗುತ್ತಿರುತ್ತದೆ. ಆದರೆ ಆ ಒಂದು ಬೇಸಿಗೆಯಲ್ಲಿ ಆದಷ್ಟು ಸಾಲಾಗಿ ಮತ್ತೆಂದೂ ಆಗಿಲ್ಲ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೂಡ್ಲಿಗಿಗೆ ಬಂದಿದ್ದೆ. ಊರಲ್ಲಿ ಎರಡು ಕೆಲಸ ಕಾದಿದ್ದವು. ಒಂದು, ಸೋದರಮಾವನ ಶೇಂಗಾ ಮಿಲ್ಲಿನಲ್ಲಿ ಚೀಲ ತೂಗಿಸುವುದು. ಇನ್ನೊಂದು, ಜನರಿಗೆ ವಿಜ್ಞಾನ ತಿಳಿಸುವ ಒಂದು ಸಮಿತಿಗಾಗಿ ಊರೂರಿಗೆ ಹೋಗಿ ಉಪನ್ಯಾಸ ಕೊಡುವುದು. ಎರಡನೆಯದು ತಾತ್ಕಾಲಿಕ. ಮೊದಲನೆಯದು ಜೀವಾವಧಿ. ನಾನು ಎರಡನೆಯದಕ್ಕೆ ಸೇರಿದೆ.

ನಮ್ಮ ಕಡೆ ಸಮಿತಿಯ ಕೆಲಸ ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮಾಸ್ತರು.

"ಕಾಲೇಜಿನಾಗ ಯಾವುದರ ಮ್ಯಾಲೆ ಸೆಮಿನಾರ್ ಕೊಟ್ಟಿದ್ದೆಪ್ಪ?" ಎಂದು ಕೇಳಿದರು.

"ಬೆನ್ನೆಲುಬಿರೋ ಪ್ರಾಣಿಗಳ ಭ್ರೂಣದಾಗ ಜೀವಕೋಶಗಳು ಬೆಳವಣಿಗೆಯ ಸಂಕೇತಗಳನ್ನ ಹೆಂಗ ಹತೋಟಿಯಲ್ಲಿಡ್ತಾವ ಅಂತ, ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗ ಒಂದಕ್ಷರ ತಿಳೀಲಿಲ್ಲ. ಅಂದ್ರ ದೊಡ್ಡ ವಿಷಯಾನೇ ಇರಬೇಕು. ಅದನ್ನೇ ಹೇಳು."

ಶರತ್ತು ಇಷ್ಟು. ಐದು ಊರುಗಳಲ್ಲಿ ಉಪನ್ಯಾಸ. ಪ್ರತಿ ಉಪನ್ಯಾಸದ ಕೊನೆಗೆ ಹೆಡ್‌ಮಾಸ್ತರು ಸಭೆಯಲ್ಲಿ ಯಾರನ್ನಾದರೂ ಎಬ್ಬಿಸಿ "ಏನು ತಿಳೀತು, ಹೇಳ್ರಿ" ಎಂದು ಕೇಳುತ್ತಾರೆ. ಒಂದು ಊರಿನಲ್ಲಾದರೂ ಒಬ್ಬರಾದರೂ ಸರಿಯಾಗಿ ಹೇಳಿದರೆ ಮುಂದಿನ ವರ್ಷವೂ ಕೆಲಸ ನನ್ನದು. ಇಲ್ಲದಿದ್ದರೆ, ಬೆಂಕಿ ನುಂಗಿ ತೋರಿಸಿ ಅದರ ಹಿಂದಿನ ವಿಜ್ಞಾನ ಹೇಳುವ ಇನ್ನೊಬ್ಬರಿದ್ದರು, ಅವರದು. ನನಗೆ ಶೇಂಗಾ.

ನನಗೆ ಭಯವಿರಲಿಲ್ಲ. ವಿಷಯ ಸರಳ. ಭ್ರೂಣದಲ್ಲಿ ಕೆಲವು ಕೋಶಗಳು 'ಬೆಳೆಯಿರಿ' ಎಂಬ ಸಂಕೇತವಾಗಿ ಒಂದು ಪ್ರೋಟೀನನ್ನು ಹೊರಬಿಡುತ್ತವೆ. ಅಕ್ಕಪಕ್ಕದ ಕೋಶಗಳು ಅದನ್ನು ಹಿಡಿದುಕೊಂಡು ಬೆಳೆಯುತ್ತವೆ. ಸಾಕಾದಾಗ ನಿಲ್ಲಿಸುತ್ತವೆ. ಹೇಗೆ ನಿಲ್ಲಿಸುತ್ತವೆ ಎಂಬುದೇ ತಿರುಳು. ಇದರಲ್ಲಿ ತಿಳಿಯದಿರಲು ಏನಿದೆ ಎಂದುಕೊಂಡಿದ್ದೆ.

೧. ಕೂಡ್ಲಿಗಿಯಲ್ಲಿ ಕರೆಂಟು

ಮೊದಲ ಉಪನ್ಯಾಸ ನಮ್ಮೂರಲ್ಲೇ. ಚಿತ್ರ ತೋರಿಸುವ ಯಂತ್ರವೊಂದನ್ನು ಎರವಲು ತಂದಿದ್ದೆ. ಗೋಡೆಯ ಮೇಲೆ ಚಿತ್ರ ಕಾಣಲೆಂದು ಸಭಾಭವನದ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. ಸೆಕೆಗೆ ಜನ ಆಗಲೇ ಟವೆಲ್ಲು ಬೀಸಿಕೊಳ್ಳುತ್ತಿದ್ದರು.

ಒಂದು ಹೋಲಿಕೆ ಕೊಟ್ಟೆ. ಆಟೋಕ್ಕೆ ಮೈಕ್ ಕಟ್ಟಿಕೊಂಡು ಊರಲ್ಲಿ ಸಾರುತ್ತಾ ಹೋಗುತ್ತಾರಲ್ಲ, ಹಾಗೆ ಒಂದು ಕೋಶ ಸಾರುತ್ತದೆ. ಉಳಿದ ಕೋಶಗಳು ಕೇಳಿಸಿಕೊಂಡು ಬೆಳೆಯುತ್ತವೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಟೈಲರು ಕೈ ಎತ್ತಿದರು. "ಅಲ್ರಿ, ಮೈಕು ಹೊಟ್ಟಿ ಒಳಗ ಐತೋ, ಹೊರಗ ಐತೋ?"

"ಒಳಗೇ. ಆದರ..."

"ಅದಕ್ಕ ಕೂಸು ಒದಿತೈತಿ ನೋಡ್ರಿ. ಕಿವಿ ಬುಡಕ ಮೈಕ್ ಹಚ್ಚಿದ್ರ ನಾನೂ ಒದಿತೀನಿ."

ಸಭೆ ಇದನ್ನು ಒಪ್ಪಿಕೊಂಡುಬಿಟ್ಟಿತು. ಹಿಂದೆ ಕುಳಿತ ಹೆಂಗಸರು ಪರಸ್ಪರ "ಹೌದಲ್ಲೇ" ಅಂದುಕೊಂಡರು. ಮೈಕ್ ನಿಜವಾಗಿ ಇಲ್ಲ, ಅದು ಹೋಲಿಕೆ ಮಾತ್ರ ಎಂದೆ.

"ಇಲ್ಲದ್ದನ್ನ ಯಾಕ ಹೇಳಿದ್ರಿ ಮತ್ತ?" ಎಂದರು ಟೈಲರು.

ಅಷ್ಟರಲ್ಲಿ ಒಬ್ಬಾಕೆ ಎದ್ದು ನಿಂತರು. ಅವರ ಸೊಸೆ ಬಸುರಿಯಂತೆ. "ತಮ್ಮಾ, ಕರೆಂಟ್ ಹೋದ್ರ ಹೆಂಗ?"

ಅದೇ ಕ್ಷಣಕ್ಕೆ ಕರೆಂಟ್ ಹೋಯಿತು. ಗೋಡೆಯ ಮೇಲಿನ ಭ್ರೂಣ ಮಾಯವಾಯಿತು. ನನ್ನ ಕೈಲಿದ್ದ ಮೈಕೂ ಸತ್ತಿತು. ಕತ್ತಲಲ್ಲಿ ಯಾರೋ ಕೂಗಿದರು: "ಅಯ್ಯಯ್ಯೋ, ಊರಾಗಿನ ಕೂಸೆಲ್ಲಾ ನಿಂತ್ವು!"

ಹೆಡ್‌ಮಾಸ್ತರು ಕರ್ತವ್ಯ ಬಿಡುವವರಲ್ಲ. ಕತ್ತಲಲ್ಲೇ ಟೈಲರನ್ನು ಕೇಳಿದರು: "ಏನು ತಿಳೀತು, ಹೇಳ್ರಿ."

"ತಿಳೀತ್ರಿ ಸಾರ್. ಬಸುರಿ ಇರೋ ಮನಿಗೆ ಒಂದು ಜನರೇಟರ್ ಬೇಕು."

೨. ಕೊಟ್ಟೂರಿನ ನಲ್ಲಿ

ಮೈಕ್ ಕೈಬಿಟ್ಟೆ. ಕರೆಂಟಿನ ಹಂಗಿಲ್ಲದ ಹೋಲಿಕೆ ಬೇಕಿತ್ತು. ಕೊಟ್ಟೂರಿಗೆ ನೀರು ಆರಿಸಿಕೊಂಡೆ.

ಸಂಕೇತ ಎಲ್ಲ ಕೋಶಗಳಿಗೂ ಸಮನಾಗಿ ಸಿಗುವುದಿಲ್ಲ ಎಂದು ಶುರು ಮಾಡಿದೆ. ನಲ್ಲಿ ನೀರಿನ ಹಾಗೆ. ವಾಲ್ವಿನ ಹತ್ತಿರದ ಓಣಿಗೆ ಹೆಚ್ಚು, ಕೊನೆಯ ಓಣಿಗೆ ಕಡಿಮೆ. ತನಗೆ ಎಷ್ಟು ಸಿಕ್ಕಿತು ಎಂಬುದರ ಮೇಲೆ ಕೋಶ ತಾನು ಏನಾಗಬೇಕೆಂದು ತೀರ್ಮಾನಿಸುತ್ತದೆ. ಕೈ ಮೂಡುವಾಗ ಒಂದು ಸಂಕೇತ ಹೆಚ್ಚು ಸಿಕ್ಕ ಕಡೆ ಕಿರುಬೆರಳು ಮೂಡುತ್ತದೆ. ತೀರ ಕಡಿಮೆ ಸಿಕ್ಕ ಕಡೆ ಹೆಬ್ಬೆರಳು.

ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ತಿಳಿಯಿತು ಎಂದುಕೊಂಡೆ. ನನ್ನ ದುರದೃಷ್ಟಕ್ಕೆ, ವಾಲ್ವ್ ತಿರುಗಿಸುವ ಮನುಷ್ಯ ಸಭೆಯಲ್ಲೇ ಕುಳಿತಿದ್ದ. ಅವನು ಎದ್ದು ಹಿಂದೆ ತಿರುಗಿ ಹೆಂಗಸರಿಗೆ ಹೇಳಿದ:

"ಕೇಳಿದ್ರೇನು? ನೀರು ಕಡಿಮಿ ಸಿಕ್ಕೋರೇ ಹೆಬ್ಬೆರಳು ಆಗ್ತಾರ. ದಿನಾ ನನ್ನ ಬೈತಿದ್ರಲ್ಲ!"

"ನಿನ್ನ ಹೆಬ್ಬೆರಳಿಗೆ ಬೆಂಕಿ ಬೀಳ" ಎಂದು ಕೊನೆಯ ಓಣಿಯ ಒಬ್ಬಾಕೆ ಎದ್ದರು. "ನಿಮ್ಮಕ್ಕನ ಮನಿ ಮುಂದ ಹೊತ್ತು ಮುಳುಗೋತನ ಹರಿತೈತಿ. ಆಕಿ ಏನು ಕಿರುಬೆರಳಾಗ್ಯಾಳೇನು? ಬಾಗಲಾಗ ಹಿಡಿಸಂಗಿಲ್ಲ."

"ನಮ್ಮಕ್ಕನ ಸುದ್ದಿಗೆ ಬರಬ್ಯಾಡ್ರಿ."

"ನೀ ನೀರು ಬಿಡು, ನಾ ಸುದ್ದಿ ಬಿಡ್ತೀನಿ."

ಅಲ್ಲಿಂದ ಮುಂದೆ ಅದು ನನ್ನ ಉಪನ್ಯಾಸವಾಗಿರಲಿಲ್ಲ. ಭ್ರೂಣದ ಚಿತ್ರ ಬರೆದಿದ್ದ ಹಲಗೆಯ ಮೇಲೆ ಯಾರೋ ಬಂದು ಓಣಿಗಳ ಗೆರೆ ಎಳೆದರು. ವಾಲ್ವ್ ಎಲ್ಲಿದೆ ಎಂದು ನನ್ನನ್ನೇ ಕೇಳಿದರು. ನಾನು ಭ್ರೂಣದ ತಲೆಯ ಹತ್ತಿರ ತೋರಿಸಿದೆ. ಅಲ್ಲೊಂದು ಗುಂಡಿ ಇದೆ, ಅದನ್ನು ಮುಚ್ಚಿಸಬೇಕು ಎಂಬುದರ ಮೇಲೆ ಎಲ್ಲರೂ ಒಂದಾದರು.

ಹೆಡ್‌ಮಾಸ್ತರು ಕೊನೆಯ ಓಣಿಯಾಕೆಯನ್ನೇ ಕೇಳಿದರು: "ಏನು ತಿಳೀತು, ಹೇಳವ್ವ."

"ಹೊಟ್ಟ್ಯಾಗಿನ ಕೂಸಿನ ಕೈಗೇ ಸಮ ಹಂಚಾಕ ಆಗಿಲ್ಲಂತ. ಇನ್ನ ಇವನ ಕೈಲೆ ಎಲ್ಲಿ ಆಗತೈತಿ, ಬಿಡ್ರಿ."

೩. ಆರನೆಯ ಬೆರಳು

ಹೋಲಿಕೆಯೇ ಬೇಡ ಎಂದು ತೀರ್ಮಾನಿಸಿದೆ. ಹಗರಿಬೊಮ್ಮನಹಳ್ಳಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಭ್ರೂಣದ ಕೈ ಮೊದಲು ಸೌಟಿನ ಹಾಗೆ ಒಂದೇ ಆಗಿರುತ್ತದೆ. ಆಮೇಲೆ ಬೆರಳುಗಳ ನಡುವಿನ ಕೋಶಗಳಿಗೆ 'ಸಾಯಿರಿ' ಎಂಬ ಸಂಕೇತ ಬರುತ್ತದೆ. ಅವು ಸಾಯುತ್ತವೆ. ಬೆರಳು ಬಿಡಿಬಿಡಿಯಾಗುತ್ತವೆ. ಬಾತುಕೋಳಿಯ ಕಾಲಿನಲ್ಲಿ ಮಾತ್ರ ಇನ್ನೊಂದು ಪ್ರೋಟೀನು ಅಡ್ಡ ನಿಂತು ಆ ಸಂಕೇತವನ್ನು ತಡೆಯುತ್ತದೆ. ಅದಕ್ಕೇ ಅದರ ಬೆರಳುಗಳ ನಡುವೆ ತೊಗಲು ಉಳಿಯುತ್ತದೆ.

"ಸಾಯೋ ಮಾತು ಬ್ಯಾಡ್ರಿ, ಬಸುರಿಯರು ಕುಂತಾರ" ಎಂದು ಒಬ್ಬರು ತಡೆದರು.

"ಅವು ಸತ್ತರೇನೇ ಒಳ್ಳೇದ್ರಿ" ಎಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಆಗ ಒಬ್ಬ ಮನುಷ್ಯ ಎದ್ದು ಬಲಗೈ ಎತ್ತಿ ತೋರಿಸಿದ. ಆರು ಬೆರಳು. "ನನಗ ಹಿಂಗ ಯಾಕ ಆಗೈತ್ರಿ?"

ನನಗೆ ಖುಷಿಯಾಯಿತು. ಇಂಥ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. "ಬೆರಳು ಮೂಡಿಸೋ ಸಂಕೇತ ಬರಬಾರದ ಕಡಿಗೂ ಬಂದಿರಬೇಕು. ಅಲ್ಲಿ ತಡೆಯೋರು ತಡೆದಿಲ್ಲ."

ಅವನು ನಿಧಾನವಾಗಿ ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಅವನ ತಾಯಿ ಕುಳಿತಿದ್ದರು. "ಯವ್ವಾ, ತಡೆಯೋರು ಯಾರೂ ಇರಲಿಲ್ಲೇನು?"

"ಯಾರಿದ್ರೋ ಯಪ್ಪಾ?" ತಾಯಿ ಸೆರಗು ಸರಿಪಡಿಸಿಕೊಂಡರು. "ನಿಮ್ಮಪ್ಪ ಕಬ್ಬು ಕಡಿಯಾಕ ಹೋಗಿದ್ದ. ನಿಮ್ಮಜ್ಜಿ ಮಗಳ ಮನ್ಯಾಗ ಕುಂತಿದ್ಲು. ಮನ್ಯಾಗ ನಾ ಒಬ್ಬಾಕಿ. ಎಮ್ಮಿ ತಡೀಲ್ಯಾ, ನೀರು ತರಲ್ಯಾ, ನಿನ್ನ ಬೆರಳು ತಡೀಲ್ಯಾ?"

ಸಭೆಯ ಹೆಂಗಸರೆಲ್ಲ ಆಕೆಯ ಪರವಾದರು. "ಖರೇ ಐತಿ ಬಿಡು" ಎಂದು ಒಬ್ಬರು. "ಎಲ್ಲದಕ್ಕೂ ಹೆಂಗಸರ ಮ್ಯಾಲೇನೇ" ಎಂದು ಇನ್ನೊಬ್ಬರು. ತಡೆಯುವವರು ಎಂದರೆ ಮನೆಯ ಹಿರಿಯರಲ್ಲ, ಒಂದು ಪ್ರೋಟೀನು ಎಂದು ನಾನು ಹೇಳುತ್ತಲೇ ಇದ್ದೆ. ಯಾರೂ ಕೇಳಲಿಲ್ಲ.

ಹೆಡ್‌ಮಾಸ್ತರು ಆ ತಾಯಿಯನ್ನು ಕೇಳಿದರು: "ಏನು ತಿಳೀತು, ಹೇಳವ್ವ."

"ಇಷ್ಟು ದಿನ ಈ ಬೆರಳು ಅದೃಷ್ಟದ್ದು ಅಂತಿದ್ರು. ಈ ಹುಡುಗ ಬಂದು ಅದನ್ನೂ ನನ್ನ ಮ್ಯಾಲೆ ಹಾಕಿದ."

೪. ಹಡಗಲಿಯ ಅಜ್ಜಿಯ ಪ್ರಶ್ನೆ

ಉಳಿದದ್ದು ಎರಡು ಊರು. ಮಾವ ಸಿಕ್ಕಾಗ ಮಿಲ್ಲಿಗೆ ಹೊಸ ತಕ್ಕಡಿ ತಂದಿರುವುದಾಗಿ ಹೇಳಿದ. ತೂಗಿಸುವವನನ್ನು ಇನ್ನೂ ಇಟ್ಟುಕೊಂಡಿಲ್ಲ ಎಂದೂ ಹೇಳಿದ.

ಹಡಗಲಿಯಲ್ಲಿ ಉಪನ್ಯಾಸ ಕೇಳಲು ಬಂದವರು ಹೆಚ್ಚಾಗಿ ಹೆಂಗಸರು. ಮಲ್ಲಿಗೆ ಬುಟ್ಟಿ ಮುಂದಿಟ್ಟುಕೊಂಡು, ಹೂ ಕಟ್ಟುತ್ತಲೇ ಕೇಳುತ್ತಿದ್ದರು. ಕೈ ಒಂದು ಕಡೆ, ಕಿವಿ ಒಂದು ಕಡೆ. ಹೋಲಿಕೆ ಇಲ್ಲದೆ ನಡೆಯುವುದಿಲ್ಲ ಎಂದು ಹಗರಿಬೊಮ್ಮನಹಳ್ಳಿ ಕಲಿಸಿತ್ತು. ತೀರ ಪರಿಚಿತವಾದದ್ದನ್ನೇ ಆರಿಸಿದೆ.

"ಊಟದ ಪಂಕ್ತಿಯಲ್ಲಿ ಬಡಿಸೋರು ಬರ್ತಾರ. ನಮಗೆ ಹೊಟ್ಟಿ ತುಂಬಿದ ಮ್ಯಾಲೆ ಎಲಿಗೆ ಕೈ ಅಡ್ಡ ಹಿಡಿದು 'ಸಾಕು' ಅಂತೀವಿ. ಜೀವಕೋಶವೂ ಅಷ್ಟೇ. ಬೆಳೆಯೋ ಸಂಕೇತ ಸಾಕಷ್ಟು ಸಿಕ್ಕಮೇಲೆ ಅದೇ ಒಂದು ತಡೆ ತಯಾರಿಸಿ 'ಸಾಕು' ಅನ್ನುತ್ತದೆ."

ಹೂ ಕಟ್ಟುವ ಕೈಗಳು ನಿಂತವು. ಮೊದಲ ಸಲ ಸಭೆ ಪೂರ್ತಿ ನನ್ನ ಕಡೆ ನೋಡಿತು. ನಡುವೆ ಕುಳಿತಿದ್ದ ಒಬ್ಬ ಅಜ್ಜಿ ಕೇಳಿದರು:

"ಎಷ್ಟು ಸಲ?"

"ಏನು ಎಷ್ಟು ಸಲ, ಅಜ್ಜಿ?"

"ಸಾಕು ಅಂತ ಎಷ್ಟು ಸಲ ಅಂತೈತಿ?"

"ಒಂದೇ ಸಲ."

"ಒಂದ ಸಲಕ್ಕ ಬಡಿಸೋದು ಬಿಟ್ಟುಬಿಡ್ತಾರ?" ಅಜ್ಜಿಯ ಮುಖದಲ್ಲಿ ನೋವು ಕಂಡಿತು. "ಎಂಥ ಮನಿತನಪ್ಪಾ ಅದು!"

"ಅಜ್ಜಿ, ಅದು ಕೋಶ..."

"ಯಾವುದಾರ ಇರಲಿ. ಮೊದಲನೇ ಸಲ ಸಾಕು ಅನ್ನೋದು ಮರ್ಯಾದಿಗೆ. ಅದನ್ನ ಯಾರು ಕಿವಿಮ್ಯಾಲೆ ಹಾಕ್ಕೋತಾರ? ಎರಡನೇ ಸಲ ಅಂದಾಗ ಅರ್ಧ ಹಾಕಬೇಕು. ಮೂರನೇ ಸಲ ಅಂದ್ರ ಮಾತ್ರ ಖರೇ."

"ನಮ್ಮ ಕಡಿ ನಾಕು" ಎಂದರು ಪಕ್ಕದಾಕೆ.

ಹೂವು ಬಿಟ್ಟು ಎಲ್ಲರೂ ಇದಕ್ಕೆ ಬಿದ್ದರು. ಬೀಗರಾದರೆ ಎಷ್ಟು, ಅಳಿಯನಾದರೆ ಎಷ್ಟು, ಸಾಲ ಕೇಳಲು ಬಂದವನಾದರೆ ಎಷ್ಟು ಎಂದು ಒಂದೊಂದೇ ತೀರ್ಮಾನವಾಯಿತು. ನಾನು ಹಲಗೆಯ ಪಕ್ಕ ನಿಂತು ಯೋಚಿಸತೊಡಗಿದೆ. ಕೋಶ ತಡೆಯನ್ನು ತಯಾರಿಸಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಸಂಕೇತ ಬರುತ್ತಲೇ ಇರುತ್ತದೆ. ಅಂದರೆ ಅಜ್ಜಿ ಹೇಳಿದ್ದೇ ಸರಿಯೇ? ಸೆಮಿನಾರಿನಲ್ಲಿ ಪ್ರೊಫೆಸರು ಎಷ್ಟೋ ಪ್ರಶ್ನೆ ಕೇಳಿದ್ದರು. ಎಷ್ಟು ಸಲ ಎಂದು ಮಾತ್ರ ಕೇಳಿರಲಿಲ್ಲ.

ಹೆಡ್‌ಮಾಸ್ತರು ಅಜ್ಜಿಯನ್ನು ಕೇಳಲು ಬಾಯಿ ತೆರೆದರು. ಅದಕ್ಕೆ ಮೊದಲೇ ಅಜ್ಜಿ ಅವರನ್ನು ಕರೆದರು: "ಬರೋ ವಾರ ಹರಪನಹಳ್ಳ್ಯಾಗ ನನ್ನ ಮೊಮ್ಮಗಳ ಕುಬಸ ಐತಿ ಮಾಸ್ತರ್ರ. ಈ ಹುಡುಗನ್ನ ಕರಕೊಂಡು ಬರ್ರಿ. ಪಾಪ, ಎಲ್ಲೂ ಸರಿಯಾಗಿ ಉಂಡಂಗ ಕಾಣಂಗಿಲ್ಲ."

೫. ಹರಪನಹಳ್ಳಿಯ ಪ್ರಯೋಗ

ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂದವರಿಗೆಲ್ಲ ಊಟ ಹಾಕುವ ಕಾರ್ಯ. ಹೆಡ್‌ಮಾಸ್ತರಿಗೆ ಇದು ಬಹಳ ಹಿಡಿಸಿತು. "ಭ್ರೂಣ ಐತಿ, ಜನ ಅದಾರ, ಪಂಕ್ತಿ ಐತಿ. ಕೊನೇ ಉಪನ್ಯಾಸ ಅಲ್ಲೇ ಆಗಲಿ" ಎಂದು ಸಮಿತಿಗೂ ತಿಳಿಸಿಬಿಟ್ಟರು. ಹೀಗಾಗಿ ಸಮಿತಿಯ ಸಾಹೇಬರೊಬ್ಬರು ಸ್ವತಃ ನೋಡಲು ಬಂದರು. ನನ್ನ ಕೆಲಸ ಅವರ ಒಂದು ಮಾತಿನ ಮೇಲಿತ್ತು.

ಸಾಹೇಬರು ಜೀಪಿನಿಂದ ಇಳಿಯುತ್ತಲೇ ಹೇಳಿದರು: "ಉಚ್ಚಂಗಿದುರ್ಗದಾಗ ನೆಂಟರ ಮನ್ಯಾಗ ಊಟ ಆತು. ನಾ ಉಣ್ಣಂಗಿಲ್ಲ. ನೋಡಿ ಹೋಗ್ತೀನಿ."

"ಉಣ್ಣೋದಲ್ಲ ಸಾಹೇಬ್ರ, ಇದು ಪ್ರಯೋಗ" ಎಂದರು ಹೆಡ್‌ಮಾಸ್ತರು. "ನೀವು ಬರೀ ಒಂದು ಜೀವಕೋಶ."

ಸಾಹೇಬರು ಪಂಕ್ತಿಯ ನಡುವೆ ಕುಳಿತರು. ಮುಂದೆ ಮುತ್ತುಗದ ಎಲೆ ಬಂತು.

ನಾನು ಎಲ್ಲರಿಗೂ ಕ್ರಮವಾಗಿ ವಿವರಿಸಿದೆ. ಈ ಪಂಕ್ತಿಯೇ ಭ್ರೂಣ. ಕುಳಿತ ಒಬ್ಬೊಬ್ಬರೂ ಒಂದೊಂದು ಕೋಶ. ಹೋಳಿಗೆ ಬೆಳವಣಿಗೆಯ ಸಂಕೇತ. ಎಲೆ ಅದನ್ನು ಹಿಡಿದುಕೊಳ್ಳುವ ಜಾಗ. ಕೋಶ ಎರಡೂ ಕೈ ಅಡ್ಡ ಹಿಡಿದು ಸಾಕು ಎಂದರೆ ಬಡಿಸುವುದು ನಿಲ್ಲಬೇಕು. ಬಡಿಸುವವರು ಹಡಗಲಿಯ ಅಜ್ಜಿಯೇ. "ಒಂದೇ ಸಲಕ್ಕ ನಿಲ್ಲಿಸಬೇಕು, ಅಜ್ಜಿ" ಎಂದು ಮತ್ತೆ ಮತ್ತೆ ಹೇಳಿದೆ.

"ಆತು ಬಿಡಪ್ಪ" ಎಂದರು ಅಜ್ಜಿ.

ಮೊದಲ ಹೋಳಿಗೆ ಬಿತ್ತು. ಸಾಹೇಬರು ಮರ್ಯಾದೆಗೆ ತಿಂದರು. ಎರಡನೆಯದು ಬಂದಾಗ ಎರಡೂ ಕೈ ಅಡ್ಡ ಹಿಡಿದು "ಸಾಕು" ಎಂದರು.

ನಾನು ಸಭೆಗೆ ಹೇಳಿದೆ: "ನೋಡ್ರಿ, ಕೋಶ ಸಾಕು ಅಂತು. ಈಗ ಸಂಕೇತ ನಿಲ್ಲುತ್ತದೆ."

ಅಜ್ಜಿ ಹೋಳಿಗೆಯನ್ನು ಸಾಹೇಬರ ಕೈಗಳ ಮೇಲೆ ಇಟ್ಟರು.

"ಅಜ್ಜಿ, ಕೋಶ ಸಾಕು ಅಂತು!"

"ಅದು ಮೊದಲನೇದಪ್ಪ" ಎಂದು ಅಜ್ಜಿ ಮೇಲೆ ತುಪ್ಪವನ್ನೂ ಹಾಕಿದರು.

ತುಪ್ಪ ಬೆರಳುಗಳ ನಡುವೆ ಇಳಿಯಿತು. ಸಾಹೇಬರು ನನ್ನ ಕಡೆ ನೋಡಿದರು. "ಏನ್ರಿ ಇದು?"

"ತಡೆ ಕೆಲಸ ಮಾಡ್ತಿಲ್ಲ, ಸಾರ್."

"ಹಂಗಾದ್ರ ಏನಾಗತೈತಿ?"

"ಕೋಶ ಹತೋಟಿ ಮೀರಿ ಬೆಳೀತೈತಿ."

"ಬೆಳ್ಯಾಕ ಹತ್ತೈತಿ" ಎಂದು ಸಾಹೇಬರು ಬೆಲ್ಟು ಸಡಿಲಿಸಿದರು.

ಮೂರನೆಯದಕ್ಕೆ ಅವರು ಮತ್ತೊಮ್ಮೆ "ಸಾಕು" ಎಂದು ಇಡೀ ಮೈ ಬಗ್ಗಿಸಿ ಎಲೆಯನ್ನು ಮುಚ್ಚಿದರು. ಅಷ್ಟರಲ್ಲಿ ಬಸುರಿಯ ಅತ್ತೆ ಇನ್ನೊಂದು ಪಾತ್ರೆ ಹಿಡಿದು ಎಡಗಡೆಯಿಂದ ಬಂದರು. "ನಮ್ಮ ಕೈಲೆ ಒಂದು ಹಾಕಿಸಿಕೊಳ್ಳಲಿಲ್ಲಂದ್ರ ಹೆಂಗ್ರಿ ಬೀಗರ ಮುಂದ?" ಒಂದೇ ಕೋಶಕ್ಕೆ ಎರಡು ಕಡೆಯಿಂದ ಸಂಕೇತ ಬರುವುದೂ ಉಂಟು ಎಂದು ಸಭೆಗೆ ತಿಳಿಸಿದೆ. ಸಾಹೇಬರು ನನ್ನ ಕಡೆ ನೋಡಿದ ರೀತಿಯಲ್ಲಿ ನನಗೆ ಶೇಂಗಾ ಚೀಲ ಕಂಡಿತು.

"ಅಜ್ಜೀ, ಇದು ಮೂರನೇ ಸಾಕು! ಖರೇ ಸಾಕು!" ಸಾಹೇಬರೇ ಕೂಗಿದರು. ಈ ಲೆಕ್ಕವನ್ನು ಅವರಿಗೆ ಪಕ್ಕದ ಎಲೆಯವರು ಹೇಳಿಕೊಟ್ಟಿದ್ದರು.

ಅಜ್ಜಿ ಸ್ವಲ್ಪ ಯೋಚಿಸಿದರು. "ಮೂರನೇದು ಹೌದು. ಆದ್ರ ನಕ್ಕೋಂತ ಅಂದ್ರಲ್ಲ, ಅದು ಲೆಕ್ಕಕ್ಕಿಲ್ಲ."

"ನಾ ನಗಲಿಲ್ಲ!"

"ಹಲ್ಲು ಕಂಡ್ವು."

ಆಗ ಸಾಹೇಬರು ಯಾರೂ ಎಣಿಸದ ಕೆಲಸ ಮಾಡಿದರು. ಎಲೆಯನ್ನು ಇದ್ದದ್ದು ಇದ್ದ ಹಾಗೆ ಮಡಚಿ, ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕುಳಿತುಬಿಟ್ಟರು.

ಎಲ್ಲರೂ ಉಣ್ಣುತ್ತಿರುವಾಗ ಒಬ್ಬರು ಎಲೆ ಮಡಚುವುದು ದೊಡ್ಡ ಅಪಮಾನ. ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡರು. ಅಜ್ಜಿಯ ಕೈಲಿ ಹೋಳಿಗೆ ಗಾಳಿಯಲ್ಲೇ ನಿಂತಿತು.

ನನ್ನ ಬಾಯಿಂದ ಮಾತ್ರ ಕೂಗು ಹೊರಟಿತು. "ಅದೇ! ಅದನ್ನೇ ಕೋಶ ಮಾಡೋದು!"

ನಾಲ್ಕು ಊರು ತಿರುಗಿದರೂ ನನಗೆ ಸಿಗದ ಹೋಲಿಕೆ ಅದು. ಸಂಕೇತ ಬೇಡವಾದಾಗ ಕೋಶ ಬರೀ ತಡೆ ಒಡ್ಡಿ ಸುಮ್ಮನಾಗುವುದಿಲ್ಲ. ಸಂಕೇತ ಹಿಡಿದುಕೊಳ್ಳುವ ಜಾಗವನ್ನೇ ತನ್ನ ಹೊರಮೈಯಿಂದ ಒಳಗೆ ಎಳೆದುಕೊಂಡುಬಿಡುತ್ತದೆ. ಎಲೆಯೇ ಇಲ್ಲದ ಮೇಲೆ ಎಷ್ಟು ಹೋಳಿಗೆ ಬಂದರೇನು? ನಾನು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಸಾಹೇಬರು ಎಲೆ ಮಡಚಿದ್ದು ಸಿಟ್ಟಿಗಲ್ಲ, ವಿಜ್ಞಾನಕ್ಕೆ ಎಂದು ಪಂಕ್ತಿಗೆ ಸಮಾಧಾನವಾಯಿತು. ಊಟ ಮುಂದುವರಿಯಿತು.

ಹೆಡ್‌ಮಾಸ್ತರು ಕಣ್ಣು ತೆರೆದು ಸುತ್ತ ನೋಡಿದರು. ಹಸಿರು ಸೀರೆ ಉಟ್ಟು ಕುಳಿತಿದ್ದ ಬಸುರಿಯ ಕಡೆ ಬೆರಳು ಮಾಡಿದರು. "ಏನು ತಿಳೀತು, ಹೇಳವ್ವ."

ಆಕೆ ನಾಚಿಕೊಂಡು, ಆದರೆ ತಡವರಿಸದೆ ಹೇಳಿದಳು: "ಕೂಸಿನ ಕೋಶಕ್ಕ ಬೆಳಿ ಬೆಳಿ ಅಂತ ಬಡಸ್ತಾರ್ರಿ. ಸಾಕಾದ ಮ್ಯಾಲೆ ಅದು ಕೈ ಅಡ್ಡ ಹಿಡಿತೈತಿ. ಅಷ್ಟಕ್ಕೂ ಕೇಳಲಿಲ್ಲ ಅಂದ್ರ ಎಲಿನ ಒಳಗ ಎಳಕೊಂಡು ಮ್ಯಾಲೆ ಕುಂತುಬಿಡತೈತಿ. ಹಂಗ ಮಾಡಲಿಲ್ಲ ಅಂದ್ರ ಬೆಳಕೋಂತ ಹೋಗತೈತಿ, ಕೂಸಿಗೆ ಆಕಾರ ಬರಂಗಿಲ್ಲ."

ನನ್ನ ಸೆಮಿನಾರಿನ ಕೊನೆಯ ಪುಟ ಅದಕ್ಕಿಂತ ಚೆನ್ನಾಗಿರಲಿಲ್ಲ.

ಹೆಡ್‌ಮಾಸ್ತರು ಸಾಹೇಬರನ್ನು ನೋಡಿದರು. ಸಾಹೇಬರಿಗೆ ಏಳಲು ಇಬ್ಬರು ಕೈ ಕೊಡಬೇಕಾಯಿತು. "ಸರಿ ಐತಿ" ಎಂದರು. "ಮುಂದಿನ ವರ್ಷಾನೂ ಇವರೇ ಮಾಡ್ಲಿ. ಆದ್ರ ಊಟದ ಹೊತ್ತಿನಾಗ ಬ್ಯಾಡ."

ನಾನು ಅವರನ್ನು ಜೀಪಿನವರೆಗೆ ಬಿಡಲು ಹೋದೆ. ಅವರು ಬಾಗಿಲು ತೆಗೆದರು. ಸೀಟಿನ ಮೇಲೆ ದೊಡ್ಡದೊಂದು ಸ್ಟೀಲ್ ಡಬ್ಬಿ ಕುಳಿತಿತ್ತು. ಮುಚ್ಚಳದ ಅಂಚಿನಲ್ಲಿ ತುಪ್ಪ ಹೊಳೆಯುತ್ತಿತ್ತು. ಮನೆಯ ಬಾಗಿಲಲ್ಲಿ ನಿಂತು ಅಜ್ಜಿ ಕೈ ಬೀಸಿದರು.

"ಎಲಿ ಮ್ಯಾಲೆ ಬ್ಯಾಡ ಅಂದ್ರಿ, ಬಿಟ್ಟೆ. ಡಬ್ಬಿ ತಿರುಗಿ ಕೊಡಾಕ ಬರಬೇಕು ಮತ್ತ, ಊಟದ ಹೊತ್ತಿಗೆ!"

ಸಾಹೇಬರು ಡಬ್ಬಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏನ್ರಿ, ಇದನ್ನ ತಡಿಯಾಕ ನಿಮ್ಮ ಕೋಶ ಏನು ಮಾಡತೈತಿ?"

ನಾನು ಓದಿದ್ದನ್ನೆಲ್ಲ ಮೊದಲಿಂದ ಕೊನೆಯವರೆಗೆ ನೆನಪಿಸಿಕೊಂಡೆ.

"ಗೊತ್ತಿಲ್ಲ ಸಾರ್. ಇದನ್ನ ಇನ್ನೂ ಯಾರೂ ಕಂಡುಹಿಡಿದಿಲ್ಲ."